ಕಟ್ಟೆಯ ಮೇಲೆ ಒಂದು ಕೊಡ ನೀರು

ಹೊಳೆದಂಡೆಯ ಆಶ್ರಮದಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲುಕಟ್ಟೆ ಇತ್ತು. ಕಟ್ಟಿದವನು ನಿಂಗಜ್ಜ. ಮನುಷ್ಯರೆಲ್ಲ ಒಂದೇ ಎಂದು ಊರೂರು ಸಾರುತ್ತ ತಿರುಗಿದವನು, ಅದಕ್ಕಾಗಿ ಏಟು ತಿಂದವನು. ಮೇಲಿನ ಕೇರಿ, ಕೆಳಗಿನ ಕೇರಿ ಎನ್ನದೆ ಎಲ್ಲರೂ ಜೊತೆಗೆ ಕೂರಲಿ ಎಂದೇ ಆ ಕಟ್ಟೆ ಕಟ್ಟಿದ್ದ.

ಅಜ್ಜ ತೀರಿಕೊಂಡು ಎಪ್ಪತ್ತು ವರ್ಷ. ಪ್ರತಿ ಶ್ರಾವಣದಲ್ಲಿ ಅವನ ನೆನಪಿನ ದಿನ ಊರವರು ಅಲ್ಲಿ ಸೇರುತ್ತಿದ್ದರು, ಗುರುಗಳು ಅಜ್ಜನ ಮಾತು ಹೇಳುತ್ತಿದ್ದರು. ಈ ಸಲ ಗುರುಗಳ ಗಂಟಲು ಕೆಟ್ಟಿತ್ತು. ಆ ಕೆಲಸವನ್ನು ಶಿಷ್ಯ ಚೆನ್ನವೀರನಿಗೆ ಒಪ್ಪಿಸಿಬಿಟ್ಟರು.

ಚೆನ್ನವೀರನಿಗೆ ಪೀಕಲಾಟಕ್ಕೆ ಇಟ್ಟುಕೊಂಡಿತು. ಅಜ್ಜನ ಮಾತೆಲ್ಲ ಬಾಯಿಪಾಠ ಬರುತ್ತಿತ್ತು, ಆದರೆ ಅದನ್ನು ಈಗ ಯಾರಿಗೆ ಹೇಳುವುದು? ತಲೆ ಕೆರೆದುಕೊಂಡು ಸಾಕಾಗಿ, ಹಿಂದಿನ ದಿನ ಗುರುಗಳ ಮುಂದೆ ಬಂದು ಕೂತ.

"ಗುರುಗಳೇ, ಈಗ ಎಲ್ಲರೂ ಒಂದೇ ಕಟ್ಟೆ ಮೇಲೆ ಕೂರ್ತಾರೆ. ಅಜ್ಜ ಕೇಳಿದ್ದು ಆಗಿಹೋಗಿದೆ. ನಾಳೆ ನಾನು ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಗ್ತೀನಿ, ಅಷ್ಟೆ."

ಗುರುಗಳಿಗೆ ಸಿಟ್ಟು ಬರಲಿಲ್ಲ. ಹೇಳುವುದೇನೂ ಉಳಿದಿಲ್ಲ ಎಂದಾದರೆ ಈ ವರ್ಷಕ್ಕೇ ನಿಲ್ಲಿಸಿಬಿಡೋಣ ಎಂದರು. ಚೆನ್ನವೀರ ಗಾಬರಿಯಾದ. ಎಪ್ಪತ್ತು ವರ್ಷ ನಡೆದದ್ದು ತನ್ನಿಂದ ನಿಲ್ಲಬೇಕೆ?

"ಅದಕ್ಕೆ ಮೊದಲು ಒಂದು ಕೊಡ ನೀರು ತಂದು ಕಟ್ಟೆ ನಡುವೆ ಸುರಿ," ಎಂದರು ಗುರುಗಳು.

ತೊಳೆಯುವುದಕ್ಕಿರಬೇಕು ಎಂದುಕೊಂಡು ಅವನು ಸುರಿದ. ನೀರು ನಾಲ್ಕೂ ಕಡೆ ಹರಡಲಿಲ್ಲ. ಅಷ್ಟೂ ಹೊಳೆಯ ಕಡೆಯ ತುದಿಗೇ ಹರಿಯಿತು.

ಆ ತುದಿಯಲ್ಲಿ ಕೆಳಗಿನ ಕೇರಿಯ ದುರುಗವ್ವ ನಾಳೆಗೆಂದು ಹಾರ ಕಟ್ಟುತ್ತ ಕೂತಿದ್ದಳು. ನೀರು ಬಂದದ್ದೇ, ತಲೆಯನ್ನೂ ಎತ್ತದೆ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೆಳಗೆ ಹಾಸಿದ್ದ ಗೋಣಿಚೀಲವನ್ನು ಇನ್ನೊಂದು ಮಡಿಕೆ ಮಡಿಚಿ ಅದರ ಮೇಲೆಯೇ ಕೂತಳು.

ಚೆನ್ನವೀರನಿಗೆ ಆ ಚೀಲ ಹೊಸದಲ್ಲ. ಅಜ್ಜನ ದಿನ ಆ ಕೇರಿಯವರೆಲ್ಲ ಕಂಕುಳಲ್ಲಿ ಒಂದೊಂದು ಗೋಣಿಚೀಲ ಇಟ್ಟುಕೊಂಡೇ ಬರುತ್ತಿದ್ದರು. ಅದು ಅವರ ಪದ್ಧತಿ ಎಂದುಕೊಂಡಿದ್ದ. ಒಂದೆರಡು ಸಲ ನಕ್ಕೂ ಇದ್ದ.

"ಇಲ್ಲಿ ನೀರು ನಿಲ್ತದಾ, ಅವ್ವಾ?"

"ಮಳೆಗಾಲ ಅಲ್ವೇನಪ್ಪಾ. ನಿಲ್ತೈತಿ."

"ಮತ್ತೆ ಆ ಮೇಲಿನ ಕಡೆ ಕೂರಬಹುದಲ್ಲ?"

"ನಮ್ಮತ್ತೆ ಇಲ್ಲೇ ಕೂರ್ತಿದ್ಲು. ನಾನೂ ಇಲ್ಲೇ ಕೂರ್ತೀನಿ."

"ಇಲ್ಲೇ ಕೂರು ಅಂತ ಯಾರು ಹೇಳಿದ್ರು?"

"ಯಾರ್ ಹೇಳ್ತಾರಪ್ಪಾ," ಎಂದು ಅವಳು ಮತ್ತೊಂದು ಹೂವಿಗೆ ದಾರ ಸುತ್ತಿದಳು.

ಅವನು ಖಾಲಿ ಕೊಡ ಹಿಡಿದುಕೊಂಡೇ ಗುರುಗಳ ಹತ್ತಿರ ಬಂದ. ಅಜ್ಜ ಕಟ್ಟೆಯನ್ನು ಓರೆಯಾಗಿ ಕಟ್ಟಿದ್ದನೇ ಎಂದು ಕೇಳಿದ. ಮಟ್ಟವಾಗಿಯೇ ಕಟ್ಟಿದ್ದ, ಆದರೆ ಹೊಳೆದಂಡೆಯ ಮಣ್ಣು ಕುಸಿಯುತ್ತದೆ ಎಂದರು ಗುರುಗಳು.

"ಅಂದ್ರೆ ಯಾರ ತಪ್ಪೂ ಅಲ್ಲ."

"ನೀನು ಯಾವ ಕಡೆ ಕೂರ್ತೀಯ?"

"ಮೇಲಿನ ಕಡೆ."

"ಯಾರು ಹೇಳಿದ್ರು?"

ಚೆನ್ನವೀರನಿಗೂ ಯಾರೂ ಹೇಳಿರಲಿಲ್ಲ. ನಾಚಿಕೆಯಾಯಿತು, ಆದರೆ ಯಾವುದಕ್ಕೆ ಎಂದು ಸರಿಯಾಗಿ ತಿಳಿಯಲಿಲ್ಲ. ಇವತ್ತೇ ಗಾರೆಯವರನ್ನು ಕರೆಸಿ ಕಟ್ಟೆಯನ್ನು ಮಟ್ಟ ಮಾಡಿಸುತ್ತೇನೆ ಎಂದು ಎದ್ದುನಿಂತ.

"ಮಾಡಿಸು. ನಮ್ಮ ಗುರುಗಳೂ ಮಾಡಿಸಿದ್ರು. ನಾನೂ ಒಂದು ಸಲ ಮಾಡಿಸಿದ್ದೆ."

"ಹಾಗಾದ್ರೆ ಮತ್ತೆ ಕುಸೀತದಾ?"

ಗುರುಗಳು ಹೊಳೆಯ ಕಡೆ ನೋಡಿದರು. ಅಲ್ಲಿ ಮೋಡ ಕಟ್ಟುತ್ತಿತ್ತು.

ಚೆನ್ನವೀರನಿಗೆ ಎಲ್ಲ ಕಲಸುಮೇಲೋಗರವಾಗಿತ್ತು. ಆಗಷ್ಟೇ ಹೇಳುವುದಕ್ಕೆ ಏನೂ ಇಲ್ಲ ಎಂದಿದ್ದವನು, ಈಗ ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಬೆಪ್ಪಾಗಿ ನಿಂತಿದ್ದ.

"ಗುರುಗಳೇ, ನಾಳೆ ನಾನು ಏನು ಹೇಳ್ಲಿ?"

"ಮೊದಲು ದುರುಗವ್ವನ ಪಕ್ಕ ಕೂತ್ಕೋ," ಎಂದರು ಗುರುಗಳು. "ಗೋಣಿಚೀಲ ತಗೊಂಡು ಹೋಗಬೇಡ."