ಫಕೀರವ್ವನ ಬುಟ್ಟಿ

ಹಸಿದ ಹೊಟ್ಟೆಗೆ ಅನ್ನವಾಗಿ, ಹೆರುವ ತಾಯಿಗೆ ಉಸಿರಾಗಿ ಬರುವ ಶಿವನೇ, ಮೊದಲ ಶರಣು ನಿನಗೆ. ನಿನ್ನನ್ನು ನೆನೆದು ಬಾಯಿ ತೆರೆದಿದ್ದೇನೆ, ತಪ್ಪು ನುಡಿಸಬೇಡ ತಂದೆ.

ಬಹಳ ಹಿಂದೆ, ಹೊಳೆದಂಡೆಯ ಮೇಲೆ ಒಂದೂರು. ಯಾವ ವರ್ಷವೆಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕೋಳಿ ಕೂಗುವ ಮೊದಲೇ ಮನೆಮನೆಯಲ್ಲೂ ಬೀಸುವ ಕಲ್ಲಿನ ಸದ್ದು, ಅದರ ಜೊತೆಗೆ ಹಾಡು. ಆ ಹಾಡು ಕೇಳುತ್ತ ಕೂಸುಗಳು ತಾಯಂದಿರ ತೊಡೆಯ ಮೇಲೇ ಮಲಗುತ್ತಿದ್ದವಂತೆ. ಈಗ ಆ ಸದ್ದೆಲ್ಲಿ, ಆ ಹಾಡೆಲ್ಲಿ! ನೆನೆದರೆ ಕಣ್ಣು ತುಂಬುತ್ತದೆ.

ಆ ಊರಲ್ಲಿ ಫಕೀರವ್ವ ಎಂಬ ಸೂಲಗಿತ್ತಿ ಇದ್ದಳು. ಅವಳು ಕೈಯಿಟ್ಟರೆ ಅಡ್ಡ ತಿರುಗಿದ ಕೂಸು ನೆಟ್ಟಗಾಗುತ್ತಿತ್ತಂತೆ. ಹೆರಿಗೆ ಮಾಡಿಸಲು ಹೊರಟರೆ ತುಂಬಿದ ಹೊಳೆ ಮೊಣಕಾಲಿಗೆ ಇಳಿದು ದಾರಿ ಬಿಡುತ್ತಿತ್ತಂತೆ. ಹಾಗೆನ್ನುತ್ತಾರೆ, ನಾನಂತೂ ನಂಬುತ್ತೇನೆ.

ಅಂಥ ಊರಿಗೆ ಹಿಟ್ಟಿನ ಗಿರಣಿ ಬಂತು. ಎಣ್ಣೆ ಕುಡಿದು, ಹೊಗೆ ಉಗುಳಿ, ಡಬಡಬ ಎಂದು ಹೊಳೆಯಾಚೆಗೂ ಕೇಳುವಂತೆ ಕೂಗುವ ಯಂತ್ರ. ಊರು ಎರಡಾಯಿತು. ಅದರ ಹಿಟ್ಟು ತಿಂದರೆ ಎದೆಹಾಲು ಬತ್ತುತ್ತದೆ, ಬಸಿರು ನಿಲ್ಲುವುದಿಲ್ಲ, ಅದು ಬಲಿ ಕೇಳುವ ಭೂತ ಎಂದಿತಂತೆ ಅರ್ಧ ಊರು. ಅದರ ಹಿಟ್ಟು ತಿಂದ ಕೂಸು ಪೈಲ್ವಾನನಾಗುತ್ತದೆ, ಮುದುಕರ ಬೆನ್ನು ನೆಟ್ಟಗಾಗುತ್ತದೆ, ಇನ್ನು ನಮಗೆ ಜಡ್ಡೇ ಇಲ್ಲ ಎಂದಿತಂತೆ ಉಳಿದರ್ಧ. ಕೆಲವರು ಹಿಗ್ಗಿನಲ್ಲಿ ಬೀಸುವ ಕಲ್ಲನ್ನೇ ಎತ್ತಿ ಹೊಳೆಗೆ ಹಾಕಿದರು. ಕೆಲವರು ಗಿರಣಿಯ ಮುಂದೆ ಹಾಯುವಾಗ ಸೆರಗಿನಿಂದ ಮಕ್ಕಳ ಕಣ್ಣು ಮುಚ್ಚಿದರು.

ಆಗ ಕಸ್ತೂರೆವ್ವ ಎಂಬ ಸೊಸೆ ಚೊಚ್ಚಲ ಹೆಣ್ಣುಕೂಸು ಹೆತ್ತಳು. ಅತ್ತೆ ಬಾಳವ್ವ ಗಿರಣಿಗೆ ಅಂಜಿದವಳು, ಅವಳ ಕೈಗೋ ವಾತ. ಮನೆಮಂದಿಗೆಲ್ಲ ಜೋಳ ಬೀಸುವ ಕೆಲಸ ಹಸಿ ಬಾಣಂತಿಯ ಮೇಲೆ ಬಿತ್ತು. ಬೀಸಿ ಬೀಸಿ ಹುಡುಗಿ ಸೋತಳು, ಹಾಲು ಕಡಿಮೆಯಾಯಿತು, ಕೂಸು ಅಳುವುದನ್ನೂ ಬಿಟ್ಟಿತು. ಗಿರಣಿಯ ಹೊಗೆ ತಗುಲಿದೆ ಎಂದು ಬಾಳವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಅವಳ ಮಗ, ಕೂಸಿನ ತಂದೆ ಅಡಿವೆಪ್ಪ ಗಿರಣಿಯ ಭಕ್ತ. ತಾಯಿಯ ಕಣ್ಣು ತಪ್ಪಿಸಿ ಕೂಸನ್ನು ಗಿರಣಿಗೆ ಒಯ್ದು, ಹಾರುವ ಹಿಟ್ಟನ್ನು ಅದರ ಹಣೆಗೆ, ತುಟಿಗೆ ಸವರಿಕೊಂಡು ಬಂದ. ಕೂಸು ಕೆಮ್ಮಿ ಕೆಮ್ಮಿ ನೀಲಿಯಾಯಿತು.

ಫಕೀರವ್ವ ಓಡಿಬಂದಳು. ಕೂಸಿನ ಬಾಯಿ ಒರೆಸಿ ಬೆನ್ನು ತಟ್ಟಿದಳು, ಉಸಿರು ತಿರುಗಿತು. ಆಮೇಲೆ ಕಸ್ತೂರೆವ್ವನ ಅಂಗೈ ಬಿಡಿಸಿ ನೋಡಿದಳು. ಬರೀ ಬೊಬ್ಬೆ.

"ಯಕ್ಕಾ, ಗಿರಣಿ ಗಾಳಿ ಬಡದೈತಿ," ಎಂದಳು ಬಾಳವ್ವ.

"ಗಾಳಿ ಅಲ್ಲವ್ವಾ, ನಿನ್ನ ಬೀಸೂಕಲ್ಲು ಬಡದೈತಿ. ಬಾಣಂತಿ ಕೈಯಾಗ ಕಲ್ಲಿನ ಗೂಟ ಕೊಟ್ಟು, ಹಾಲೆಲ್ಲಿ ಅಂತ ಗಿರಣೀನ ಕೇಳ್ತೀಯಲ್ಲ!"

ಅಡಿವೆಪ್ಪ ಹಿಗ್ಗಿದ. "ನಾ ಹೇಳಿದ್ದಿಲ್ಲೇನ? ಗಿರಣಿ ಅಂದ್ರ ದೇವರು!"

"ನೀ ಸುಮ್ಮನಿರೋ ಶ್ಯಾಣ್ಯಾ! ಹಾಲು ಬೇಡೂ ಬಾಯಿಗೆ ಧೂಳ ಸವರಿದಾಂವ. ಎಣ್ಣಿ ಮುಗಿದ್ರ ದೇವರು ನಿಂದ್ರತಾನೇನು? ಅದು ದೊಡ್ಡ ದನಿ ಇರೂ ಬೀಸೂಕಲ್ಲು, ಅಷ್ಟ."

ಹಾಗೆಂದವಳು ಆ ಮನೆಯ ಜೋಳವನ್ನೇ ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟು ಗಿರಣಿಗೆ ನಡೆದಳು. ಹಿಂದೆ ಊರೇ ನಡೆಯಿತು. ಶಿವನ ಹೆಸರು ಹೇಳಿ ಕಾಳು ಸುರಿದಳು. ಆ ಹಿಟ್ಟಿನ ಮೊದಲ ರೊಟ್ಟಿಯನ್ನು ಬಾಳವ್ವನ ಅಂಗಳದಲ್ಲಿ ಕೂತು ತಾನೇ ತಿಂದಳು. ಅಂಜಿದವರು ಅವಳು ಈಗ ಬೀಳುತ್ತಾಳೆ ಎಂದು ಕಾದರು. ಹಿಗ್ಗಿದವರು ಮುದುಕಿ ಈಗ ಹರೆಯದವಳಾಗುತ್ತಾಳೆ ಎಂದು ಕಾದರು. ಫಕೀರವ್ವ ತೇಗಿ, ಕುಡಿಯಲು ನೀರು ಕೇಳಿದಳಂತೆ.

ಬಳಿಕ ಕಸ್ತೂರೆವ್ವನಿಗೆ ಉಣ್ಣಿಸಿ, ಬೆಚ್ಚಗೆ ಮಲಗಿಸಿದಳು. ಬಾಣಂತನ ಮುಗಿಯುವವರೆಗೂ ಆ ಮನೆಯ ಬುಟ್ಟಿಯನ್ನು ತಾನೇ ಹೊತ್ತಳು. ಬಾಣಂತಿಗೆ ನಿದ್ದೆ ಬಂತು, ಎದೆಗೆ ಹಾಲಿಳಿಯಿತು. ಕೂಸೇನೂ ಪೈಲ್ವಾನನಾಗಲಿಲ್ಲ. ಆದರೆ ಒಂದು ಬೆಳಗ್ಗೆ ಎಂಥ ಅಳು ತೆಗೆಯಿತೆಂದರೆ, ಗಿರಣಿಯ ಸದ್ದೂ ಅಡಗಿತಂತೆ! ಬಾಳವ್ವ ದೇವರ ಮುಂದೆ ಸೆರಗೊಡ್ಡಿ ತಾನೂ ಅತ್ತಳಂತೆ.

ಫಕೀರವ್ವ ಶಿವನ ಪಾದ ಸೇರಿ ಎಷ್ಟೋ ಕಾಲವಾಯಿತು. ಆ ಎಂಜಿನ್ನೂ ತುಕ್ಕು ಹಿಡಿದು ಹೋಯಿತು, ಈಗಿರುವುದು ಕರೆಂಟಿನ ಗಿರಣಿ. ಇಂದಿಗೂ ಆ ಊರಲ್ಲಿ ಬಾಣಂತಿ ಮನೆಯ ಕಾಳನ್ನು ನೆರೆಯವರೇ ಹೊತ್ತು ತರುತ್ತಾರೆ. ಎಷ್ಟೇ ಮಂದಿ ಸಾಲಿನಲ್ಲಿರಲಿ, "ಫಕೀರವ್ವನ ಬುಟ್ಟಿ ಬಂತು, ದಾರಿ ಬಿಡ್ರಿ" ಎನ್ನುತ್ತ ಸರಿದು ನಿಲ್ಲುತ್ತಾರೆ.

ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಹಿಟ್ಟಿನ ಮಡಕೆ ಬರಿದಾಗದಿರಲಿ. ಹೆತ್ತವಳಿಗೆ ನಿದ್ದೆ, ಕೂಸಿಗೆ ಹಾಲು, ಮನಸ್ಸಿಗೆ ನೆಮ್ಮದಿ ಕೊಟ್ಟು ಶಿವ ನಿಮ್ಮನ್ನು ತಣ್ಣಗಿಡಲಿ.