ಒಂದು ಮಡಿಲು ಸೊಪ್ಪು

"ಗುರುಗಳೇ, ಮಠದ ತೋಟದಲ್ಲಿ ನಾವು ಹತ್ತಾರು ಜನ ಒಟ್ಟಿಗೆ ಸೇವೆ ಮಾಡುತ್ತೇವೆ. ಹೊರಡುವಾಗ ಉಳಿದವರು ಕೈಗೆ ಸಿಕ್ಕ ಕಾಯಿಪಲ್ಲೆ ಒಯ್ಯುತ್ತಾರೆ. ನಾನು ಏನನ್ನೂ ಮುಟ್ಟುವುದಿಲ್ಲ. ಅವರನ್ನೂ ತಡೆಯಬೇಕೆಂದಿದ್ದೇನೆ. ಸರಿಯಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕೆರೆಯ ಕೆಳಗೆ ಊರೊಟ್ಟಿನ ತೋಟವಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬುದು ಆ ಸೀಮೆಯ ಕಟ್ಟಳೆ. ಹಾಗಾಗಿ ಅಂದು ಊರೆಲ್ಲ ತೋಟಕ್ಕೆ ಬಂದು ದುಡಿಯುತ್ತಿತ್ತು. ಉಳಿದ ದಿನ ಬಿಡುವಿದ್ದವರು ಬರುತ್ತಿದ್ದರು. ದುಡಿದವರೆಲ್ಲ ಹೊರಡುವಾಗ ಒಂದು ಮಡಿಲು ಸೊಪ್ಪು ಒಯ್ಯಲೇಬೇಕು. ಬೇಡವೆಂದರೂ ಬಿಡುತ್ತಿರಲಿಲ್ಲ. ಅದು ಹಿರಿಯರು ಹಾಕಿಕೊಟ್ಟ ಪದ್ಧತಿ. ಏಕೆಂದು ಯಾರೂ ಕೇಳಿರಲಿಲ್ಲ.

ಆ ಗುಂಪಿಗೆ ಒಬ್ಬ ವರ್ತಕ ಸೇರಿದ. ಒಳ್ಳೆಯ ಮನುಷ್ಯ. ತಾನು ಒಳ್ಳೆಯವನೆಂಬುದು ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು, ಅಷ್ಟೇ. ಜನ ಸೊಪ್ಪು ಒಯ್ಯುವುದನ್ನು ಕಂಡು ಅವನಿಗೆ ಕಸಿವಿಸಿಯಾಯಿತು. ಒಂದು ಸೋಮವಾರ ಎಲ್ಲರನ್ನೂ ನಿಲ್ಲಿಸಿ, "ಇನ್ನು ಮೇಲೆ ಸೇವೆಗೆ ಬಂದವರು ಒಂದೆಲೆಯನ್ನೂ ಒಯ್ಯುವುದು ಬೇಡ" ಎಂದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಸಾವ್ಕಾರ್ರೇ" ಎಂದ ಒಬ್ಬ ಮುದುಕ.

"ಮೊಸರಿಗೆ ಬಾಯಿ ಬಿಡುವವನು ಕೂಲಿಯವನು. ಅದು ಸೇವೆಯಲ್ಲ."

ಈ ಮಾತಿಗೆ ಎದುರಾಡಿ ಯಾರು ತಾನೇ ಆಸೆಬುರುಕ ಅನ್ನಿಸಿಕೊಂಡಾರು? ಎಲ್ಲರೂ ತಲೆಯಾಡಿಸಿದರು. ಬುಟ್ಟಿ ಹೆಣೆಯುವ ವಿಧವೆಯೊಬ್ಬಳು ಎಲ್ಲರಿಗಿಂತ ಮೊದಲು ತಲೆಯಾಡಿಸಿದಳು.

ತೋಟ ಸೊಂಪಾಗಿ ಬೆಳೆಯಿತು. ಹರಿವೆ ಮೊಣಕಾಲುದ್ದ ಬಂದು, ಕೊಯ್ಯುವವರಿಲ್ಲದೆ ಬಲಿತು ತೆನೆ ಬಿಟ್ಟಿತು. ನೋಡಿದವರೆಲ್ಲ ಹೊಗಳಿದರು. ವರ್ತಕನಿಗೆ ಸ್ವರ್ಗ ಮೂರೇ ಗೇಣು. ಬುಟ್ಟಿಯವಳು ಒಂದು ದಿನವೂ ತಪ್ಪದೆ ಬಂದು ಕಳೆ ಕೀಳುತ್ತಿದ್ದಳು. "ಸೇವೆಯೆಂದರೆ ಇವಳದು" ಎಂದು ಅವನು ಎಲ್ಲರೆದುರು ಅವಳನ್ನು ತೋರಿಸುತ್ತಿದ್ದ.

ಮಳೆಗಾಲದ ಒಂದು ಸೋಮವಾರ ಅವಳು ಹರಿವೆಯ ಮಡಿಯಲ್ಲೇ ಕುಸಿದು ಬಿದ್ದಳು. ವರ್ತಕ ಓಡಿ ಹೋದ. ಅವಳ ಸೆರಗಿನ ತುದಿಯಲ್ಲಿ ದಪ್ಪನೆಯ ಗಂಟು ಕಂಡಿತು. ಸೆರಗಿನ ಸಂದಿಯಿಂದ ಹಸಿರು ಇಣುಕುತ್ತಿತ್ತು. ಅವನ ಮೈ ಉರಿದುಹೋಯಿತು. ಇವಳನ್ನೇ ತಾನು ಊರಿಗೆಲ್ಲ ತೋರಿಸಿದ್ದು! ನೀರು ತನ್ನಿ ಎನ್ನುವುದನ್ನೂ ಮರೆತು ಗಂಟು ಬಿಚ್ಚಿದ.

ಒಳಗೆ ಹರಿವೆ ಇರಲಿಲ್ಲ. ಕಿತ್ತು ಬದುವಿಗೆ ಎಸೆದಿದ್ದ ಕಳೆ ಇತ್ತು. ದನವೂ ಮೂಸದ ಕಳೆ.

ಅವಳು ಕಣ್ಣು ತೆರೆದಳು. ಗಂಟು ಅವನ ಕೈಯಲ್ಲಿರುವುದನ್ನು ಕಂಡು ಗಾಬರಿಯಾದಳು.

"ಕಳೆ ಒಯ್ಯಬಾರ್ದು ಅಂತ ನೀವು ಹೇಳಿರ್ಲಿಲ್ವಲ್ಲ ಸಾವ್ಕಾರ್ರೇ" ಎಂದಳು. "ಬೇಯಿಸಿದ್ರೆ ಹೇಗೋ ಗಂಟಲಲ್ಲಿ ಇಳೀತದೆ."

ಮತ್ತೆ ಕಣ್ಣು ಮುಚ್ಚಿದಳು. ಆಮೇಲೆ ತೆರೆಯಲಿಲ್ಲ. ಪಂಡಿತರು ಬಂದು ನೋಡಿ, ರೋಗವೇನೂ ಇಲ್ಲ, ಹೊಟ್ಟೆಗಿಲ್ಲದೆ ಸತ್ತಿದ್ದಾಳೆ ಎಂದರು. ಮಳೆಗಾಲದಲ್ಲಿ ಬುಟ್ಟಿ ಕೊಳ್ಳುವವರಿಲ್ಲ. ಅವಳಿಗೆ ಬೇಡಿ ತಿಂದು ಗೊತ್ತಿರಲಿಲ್ಲ.

ವರ್ತಕ ಕಳೆಯನ್ನು ಹಿಡಿದುಕೊಂಡೇ ಕುಳಿತ. ಎಲ್ಲರೂ ಒಯ್ದರೆ, ಇಲ್ಲದವಳು ಯಾರೆಂದು ಗೊತ್ತಾಗುವುದಿಲ್ಲ. ಹಿರಿಯರು ಎಲ್ಲರ ಮಡಿಲಿಗೂ ಸೊಪ್ಪು ಹಾಕಿಸಿದ್ದು ಅದಕ್ಕೇ. ಅವನಿಗೆ ಅದು ಈಗ ಹೊಳೆಯಿತು. ಸುತ್ತಲೂ ಹರಿವೆ ತೂಗುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಆ ವರ್ತಕ ಏನು ಮಾಡಿದ?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

"ಅವನದು ಹಾಗಿರಲಿ, ನಿನ್ನ ಪಕ್ಕದಲ್ಲಿ ಗುದ್ದಲಿ ಹಿಡಿದವರಲ್ಲಿ ಇವತ್ತು ಉಣ್ಣದೆ ಬಂದವರು ಯಾರು, ಹೇಳು" ಎಂದರು ಗುರುಗಳು.