ಎರಡು ‘ಇಲ್ಲ’

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿದ್ದ ಗುರುಪಾದಜ್ಜಾರು ಕಾವಿ ಉಡುವ ಮುಂಚೆ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು.

ಆಶ್ರಮದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳು ನೀಲವ್ವ. ತಾಯಿ ತೀರಿಕೊಂಡಾಗ ಅವಳು ಸಣ್ಣ ಹುಡುಗಿ, ತಮ್ಮ ಇನ್ನೂ ಮೊಲೆಗೂಸು. ಅವಳನ್ನು ಆಶ್ರಮ ಸಾಕಿತು. ಕೂಸನ್ನು ಸ್ಕಾಟ್ಲೆಂಡಿನ ಗಂಡಹೆಂಡಿರು ದತ್ತು ತೆಗೆದುಕೊಂಡು ಹೋದರು.

ಆ ಕೂಸು ಅಲ್ಲೇ ಬೆಳೆದು ಗಂಡಸಾಗಿ, ಅಲ್ಲಿಲ್ಲಿ ವಿಚಾರಿಸಿ, ಕೊನೆಗೂ ಅಕ್ಕನನ್ನು ಹುಡುಕಿದ್ದ. ಮೊದಲ ಸಲ ಫೋನ್ ಬಂದಾಗ ಇಬ್ಬರೂ ಬರೀ ಅತ್ತರು. ಅವನಿಗೆ ಕನ್ನಡ ಬಾರದು. ಅವಳಿಗೆ ಇಂಗ್ಲಿಷ್ ಬಾರದು.

ನೀಲವ್ವ ಅಜ್ಜಾರ ಮುಂದೆ ಬಂದು ಕೂತಳು.

“ಅಜ್ಜಾರ, ನನಗ ಇಂಗ್ಲಿಷ್ ಕಲಸ್ರಿ. ತಮ್ಮನ ಕೂಡ ಮಾತಾಡಬೇಕು.”

“ಆತವ್ವಾ. ಮಾತಾಡಾಕ ಕಲಸ್ತೀನಿ.”

“ಬರೇ ಮಾತಲ್ರಿ. ಒಂದೂ ತಪ್ಪಿಲ್ಲದಂಗ ಕಲಸ್ರಿ. ಅಂವ ದೊಡ್ಡ ದೇಶದಾಗ ಬೆಳದಾನ. ನಮ್ಮಕ್ಕ ದಡ್ಡಿ ಅಂತ ಅನ್ನಬಾರದು.”

 ಅಜ್ಜಾರು ಎದ್ದುಹೋಗಿ ಹಳೆಯ ವ್ಯಾಕರಣದ ಪುಸ್ತಕ ತಂದರು.

ನೀಲವ್ವ ಹಂಚಿನ ಮುಂದೆ ಕೂತು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದಳು. ಭೂತಕಾಲ, ವರ್ತಮಾನ, ಭವಿಷ್ಯತ್ತು. ಎಷ್ಟೋ ರೊಟ್ಟಿ ಸೀದು ಹೋದವು. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಅವಳ ವಾಕ್ಯಗಳಲ್ಲಿ ಅಜ್ಜಾರಿಗೂ ತಪ್ಪು ಸಿಗುತ್ತಿರಲಿಲ್ಲ.

ತಮ್ಮನ ಮಾತಿನ ತುಂಬ ಮಾತ್ರ ತಪ್ಪೇ. ಕರ್ತೃವನ್ನು ನುಂಗುತ್ತಿದ್ದ. ಅರ್ಧ ವಾಕ್ಯ ಆಡಿ ನಗುತ್ತಿದ್ದ.

ಒಂದು ಭಾನುವಾರ ಅವನೆಂದ: “ಐ ಡೋಂಟ್ ನೋ ನಥಿಂಗ್ ಅಬೌಟ್ ಅವರ್ ಮದರ್.” ನಮ್ಮವ್ವನ ಬಗ್ಗೆ ನನಗೇನೂ ಗೊತ್ತಿಲ್ಲ ಎಂಬುದು ಅವನ ಮಾತು.

ನೀಲವ್ವ ತಾನು ಕಲಿತ ಇಂಗ್ಲಿಷಿನಲ್ಲೇ ಹೇಳಿದಳು: “ಒಂದು ವಾಕ್ಯದಲ್ಲಿ ಎರಡು ‘ಇಲ್ಲ’ ಬರಬಾರದು. ಹಾಗೆ ಬಂದರೆ ನಿನಗೆ ಏನೋ ಗೊತ್ತಿದೆ ಎಂದು ಅರ್ಥವಾಗುತ್ತದೆ.”

 ಅವನು ಮೆಲ್ಲಗೆ, “ಸಾರಿ,” ಎಂದ.

ಮುಂದಿನ ವಾರದಿಂದ ಅವನು ತಪ್ಪು ಮಾಡಲಿಲ್ಲ. ನಿಧಾನವಾಗಿ, ಪೂರ್ತಿ ವಾಕ್ಯಗಳಲ್ಲಿ ಮಾತಾಡಿದ. ನಾನು ಆರೋಗ್ಯದಿಂದಿದ್ದೇನೆ. ನೀವೂ ಆರೋಗ್ಯದಿಂದಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ಹವಾಮಾನ ತಂಪಾಗಿದೆ.

ನೀಲವ್ವಗೆ ಪ್ರತಿಯೊಂದು ಶಬ್ದವೂ ತಿಳಿಯಿತು. ಫೋನ್ ಇಟ್ಟ ಮೇಲೆ ಎದೆ ಬರಿದಾದಂತಾಯಿತು.

“ಅವ್ವನ ಬಗ್ಗೆ ಎರಡು ಸಲ ‘ಇಲ್ಲ’ ಅಂದದ್ದನ್ನ ನಾ ತಿದ್ದಿದ ಮ್ಯಾಲೆ ಅಂವ ಚಂದ ಮಾತಾಡ್ತಾನ್ರಿ ಅಜ್ಜಾರ. ಆದ್ರ ಯಾಕೋ ಮೊದಲಿನಂವ ಅಲ್ಲ ಅನಸ್ತೈತಿ.”



ಮರುದಿನ ಬೆಳಿಗ್ಗೆ ಅಜ್ಜಾರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ನೀಲಮ್ಮನವರೇ, ತಾವು ನನಗೆ ಕುಡಿಯಲು ನೀರನ್ನು ನೀಡುವಿರಾ?” ಎಂದರು.

ನೀಲವ್ವ ನಗೆಚಾಟಿಕೆ ಎಂದುಕೊಂಡಳು. ಅಜ್ಜಾರು ನಗಲಿಲ್ಲ. ಮಧ್ಯಾಹ್ನ, “ತಮ್ಮ ಭೋಜನವು ಮುಗಿಯಿತೇ?” ಎಂದು ಕೇಳಿದರು. ಸಂಜೆ, “ತಾವಿನ್ನು ವಿಶ್ರಾಂತಿಯನ್ನು ಪಡೆಯಬಹುದು,” ಎಂದರು.

ಅವಳ ಕಣ್ಣಲ್ಲಿ ನೀರು ಬಂತು.

“ನನ್ನ ಮ್ಯಾಲೆ ಸಿಟ್ಟಾಗೇರೇನ್ರಿ? ಏನ್ ತಪ್ಪಾತು?”

“ನನ್ನ ಮಾತಿನ್ಯಾಗ ಏನರೆ ತಪ್ಪಿತ್ತೇನವ್ವಾ?”

“ಇರಲಿಲ್ರಿ.”

“ಮತ್ತ ಯಾಕ ಅಳ್ತಿ?”

“ನನ್ನ ದೂರ ಇಟ್ಟಂಗಾತ್ರಿ.”

ಹಾಗೆಂದವಳು ತನ್ನ ಮಾತು ತಾನೇ ಕೇಳಿಸಿಕೊಂಡು ಸುಮ್ಮನಾದಳು. ಹೊಳೆಯ ಮೇಲೆ ಕೊಕ್ಕರೆಗಳು ಗೂಡಿಗೆ ಹೊರಟಿದ್ದವು.

“ಹಂಗಾರ ವ್ಯಾಕರಣ ಸುಳ್ಳೇನ್ರಿ?”

“ಸುಳ್ಳಲ್ಲ. ಗುರ್ತಿಲ್ಲದವರಿಗೆ ಎಲ್ಲಾನೂ ಪೂರಾ ಹೇಳಬೇಕಾಗ್ತೈತಿ. ಅದಕ್ಕ ಅದು ಬೇಕು.” ಅಜ್ಜಾರು ಕೇಳಿದರು. “ನಿಮ್ಮವ್ವನ ಬಗ್ಗೆ ಅಂವ ಯಾಕ ಎರಡು ಸಲ ‘ಇಲ್ಲ’ ಅಂದ, ಹೇಳು?”

“ಶಾಲಿಯೊಳಗ ನೆಟ್ಟಗ ಕಲೀಲಿಲ್ಲ ಅಂತ ಕಾಣಸ್ತೈತ್ರಿ.”

“ಒಂದು ‘ಇಲ್ಲ’ ಅಂವಗ ಸಾಲಲಿಲ್ಲವ್ವಾ.”

ನೀಲವ್ವ ಆ ರಾತ್ರಿ ಊಟ ಮಾಡಲಿಲ್ಲ.

ಭಾನುವಾರ ಅವಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಫೋನ್ ಬಂತು. ತಮ್ಮ ಅದೇ ತೂಗಿದ ಮಾತಿನಲ್ಲಿ ಅವಳ ಆರೋಗ್ಯ ವಿಚಾರಿಸಿದ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ.

“ಮದರ್,” ಎಂದಳು. “ಮದರ್ ಸೆಲ್ ಚುರಮುರಿ. ಬಸ್ ಸ್ಟ್ಯಾಂಡ್. ಯು ಸ್ಲೀಪ್. ಇನ್ ಬಾಸ್ಕೆಟ್.”

ಅವಳು ಮುಂದುವರಿಸಿದಳು.

“ಬಸ್ ಕಮ್. ಬಿಗ್ ಹಾರ್ನ್. ಮದರ್ ರನ್. ಮದರ್ ಕ್ಲೋಸ್ ಯುವರ್ ಇಯರ್. ಟೂ ಹ್ಯಾಂಡ್. ಲೈಕ್ ದಿಸ್.” ಫೋನಿನಲ್ಲಿ ಕಾಣದೆಂಬುದನ್ನೂ ಮರೆತು ಅವಳು ಅಂಗೈಯನ್ನು ಕಿವಿಗೆ ಒತ್ತಿ ತೋರಿಸಿದಳು.

ಅತ್ತಲಿಂದ ಉಸಿರಷ್ಟೇ ಕೇಳಿಸುತ್ತಿತ್ತು. ತುಂಬ ಹೊತ್ತಿನ ಮೇಲೆ ಅವನು ಮೊದಲಿನ ಹಾಗೆಯೇ ಅರ್ಧ ನುಂಗಿ ಕೇಳಿದ, “ಆ್ಯಂಡ್ ದೆನ್?”

ಫೋನಿನ ಚಾರ್ಜು ಮುಗಿಯುವ ತನಕ ಅವಳು ಹೇಳಿದಳು, ಅವನು ಕೇಳಿದ.

ಅಜ್ಜಾರು ಜಗಲಿಯ ಮೇಲೆ ಕೂತಿದ್ದರು. ನೀಲವ್ವ ಬಂದು ಕಂಬಕ್ಕೊರಗಿ ನಿಂತಳು. ಕಣ್ಣು ಬಾತಿದ್ದವು.

“ನೀವು ಕಲಿಸಿದ್ದೆಲ್ಲಾ ಕೆಡಿಸಿಬಿಟ್ಟೆ ಅಜ್ಜಾರ. ಸತ್ತಾಕಿ ಸುದ್ದಿ ಹೇಳಬೇಕು, ಭೂತಕಾಲ ಬಾಯಿಗೆ ಬರಲೇ ಇಲ್ಲ. ಅವ್ವ ಓಡ್ತಾಳ, ಅವ್ವ ಕಿವಿ ಮುಚ್ಚತಾಳ, ಎಲ್ಲಾ ಹಂಗ ಅಂದೆ.”

ಅಜ್ಜಾರು ಹೇಳಿದರು:

“ಅಂವಗ ಅವ್ವ ಬಂದದ್ದ ಇವತ್ತು. ಭೂತಕಾಲ ಎಲ್ಲಿಂದ ಬರಬೇಕವ್ವಾ?”